ಹೊಟ್ಟೆನೋವು ಅನ್ನುವ ಮಗುವಿಗೆ ನಿಜಕ್ಕೂ ಏನಾಗಿದೆ? – ಒಬ್ಬ ಅಂಗನವಾಡಿ ಟೀಚರ್ ಅನುಭವ

ಮೂರು ನಾಲ್ಕು ವರ್ಷದ ಮಕ್ಕಳಿಗೆ ಎಲ್ಲದಕ್ಕೂ ಹೊಟ್ಟೆನೋವೇ. ಅಮ್ಮ ಬಿಟ್ಟು ಹೋದರೆ ಹೊಟ್ಟೆನೋವು. ಪಕ್ಕದವನು ಚೆಂಡು ಕಿತ್ತುಕೊಂಡರೆ ಹೊಟ್ಟೆನೋವು. ಉಪ್ಪಿಟ್ಟು ಬೇಡವಾದರೂ ಹೊಟ್ಟೆನೋವು. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುವ ನನಗೆ ಇದು ದಿನಾ ಬೆಳಿಗ್ಗೆ ಕೇಳಿಸುವ ಮಾತು. ಜ್ವರ ಇದೆಯಾ, ಬೆಳಿಗ್ಗೆ ಕಕ್ಕಸಿಗೆ ಹೋಗಿದೆಯಾ, ಜಂತುಹುಳದ ಮಾತ್ರೆ ಆಗಿದೆಯಾ ಅಂತ ಮೊದಲು ವಿಚಾರಿಸುತ್ತೇನೆ. ಅದ್ಯಾವುದೂ ಇಲ್ಲ ಅಂತಾದ ಮೇಲೂ ಮಗು ಸುಳ್ಳು ಹೇಳುತ್ತಿದೆ ಅಂತ ನಾನು ತಿಳಿಯುವುದಿಲ್ಲ. ಒಳಗೆ ಏನೋ ಕಷ್ಟ ಆಗುತ್ತಿದೆ. ಅದಕ್ಕೆ ಗೊತ್ತಿರುವ ಜಾಗ ಹೊಟ್ಟೆ, ಗೊತ್ತಿರುವ ಹೆಸರು ನೋವು. ಅದಕ್ಕೇ ನಾನು ಮೈಯಿಂದಲೇ ಶುರು ಮಾಡುತ್ತೇನೆ. ಎಲ್ಲಿ ಏನಾಗುತ್ತಿದೆ ಅಂತ ಗೊತ್ತಾದ ಮೇಲೆ ಅದಕ್ಕೊಂದು ಹೆಸರು. ಬಂದ ಸಿಟ್ಟನ್ನೋ ಹೆದರಿಕೆಯನ್ನೋ ಏನು ಮಾಡಬೇಕು ಅನ್ನುವ ಮಾತು ಎಲ್ಲಕ್ಕಿಂತ ಕೊನೆಗೆ.

ಈಗ ಎಲ್ಲ ಕಡೆ ಮುಖಗಳ ಚಾರ್ಟ್ ಅಂಟಿಸುತ್ತಾರೆ. ಹಳದಿ ಗುಂಡು ಮುಖಗಳು, ಒಂದು ನಗುತ್ತದೆ, ಒಂದು ಅಳುತ್ತದೆ, ಒಂದು ಕೆಂಪಗಾಗಿದೆ. ನಮ್ಮ ಗೋಡೆ ಮೇಲೂ ಇದೆ. ಕೋಲಿಟ್ಟು ತೋರಿಸಿದರೆ ಮಕ್ಕಳೆಲ್ಲ ‘ಸಿಟ್ಟು ಮಿಸ್’ ಅಂತ ಒಟ್ಟಿಗೆ ಕೂಗುತ್ತಾರೆ, ‘ಅ ಅರಸ, ಆ ಆನೆ’ ಹೇಳಿದ ಹಾಗೆ. ಐದು ನಿಮಿಷ ಬಿಟ್ಟು ತಮಗೇ ಸಿಟ್ಟು ಬಂದಾಗ ಆ ಪದ ಯಾರ ಬಾಯಿಗೂ ಬರುವುದಿಲ್ಲ, ಕೈ ಮುಂದಾಗುತ್ತದೆ. ಚಾರ್ಟ್ ಬೇಡ ಅಂತ ನಾನು ಹೇಳುವುದಿಲ್ಲ. ಅದೊಂದು ಅಂಟಿಸಿದರೆ ಪಾಠ ಆಯ್ತು ಅಂದುಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ. ಹೆಸರುಗಳೂ ಜಾಸ್ತಿ ಬೇಡ. ನವರಸ ಎಲ್ಲ ದೊಡ್ಡವರಿಗಿರಲಿ. ನಮ್ಮ ಮಕ್ಕಳಿಗೆ ಖುಷಿ, ಬೇಜಾರು, ಸಿಟ್ಟು, ಹೆದರಿಕೆ ನಾಲ್ಕು ಬಂದರೆ ಮೊದಲ ವರ್ಷಕ್ಕೆ ಧಾರಾಳ. ನಾಚಿಕೆ, ಹೊಟ್ಟೆಕಿಚ್ಚು ಇವೆಲ್ಲ ಆಮೇಲೆ ತಾವಾಗೇ ಬರುತ್ತವೆ.

ನನ್ನ ಕೈ ಹಿಡಿದದ್ದು ಸೀಮೆಸುಣ್ಣ. ಒಂದು ಮಗುವನ್ನು ನೆಲದ ಮೇಲೆ ಅಂಗಾತ ಮಲಗಿಸಿ ಮೈ ಸುತ್ತ ಗೆರೆ ಎಳೆಯುತ್ತೇನೆ. ಯಾರನ್ನು ಮಲಗಿಸುವುದು ಅನ್ನುವುದಕ್ಕೇ ಮೊದಲು ಒಂದು ಜಗಳ ಆಗುತ್ತದೆ, ಆಗಲಿ, ಪಾಠಕ್ಕೆ ಅದೂ ಬೇಕು. ಮಗು ಎದ್ದ ಮೇಲೆ ನೆಲದಲ್ಲಿ ಒಂದು ಆಕಾರ ಉಳಿಯುತ್ತದೆ. ಎಲ್ಲರ ಕೈಗೂ ಒಂದೊಂದು ದೊಡ್ಡ ಡಬ್ಬಿ ಮುಚ್ಚಳ ಕೊಟ್ಟು, ‘ಸಿಟ್ಟು ಬಂದಾಗ ನಿಮಗೆ ಎಲ್ಲಿ ಗೊತ್ತಾಗುತ್ತೆ, ಅಲ್ಲಿ ಇಡಿ’ ಅನ್ನುತ್ತೇನೆ. (ಹುಣಸೆ ಬೀಜ, ಕಾಳು ಕೊಡಬೇಡಿ. ಮೂಗಿಗೆ ತುರುಕಿಕೊಂಡರೆ ಪಾಠ ಆಸ್ಪತ್ರೆಯಲ್ಲಿ ಮುಗಿಯುತ್ತದೆ.) ಕೆಲವರು ಹಣೆಗೆ ಇಡುತ್ತಾರೆ, ಕೆಲವರು ಹೊಟ್ಟೆಗೆ. ಒಂದು ಹುಡುಗಿ ಹಲ್ಲು ಕಚ್ಚಿ ತೋರಿಸಿ ಬಾಯಿಯ ಜಾಗಕ್ಕೆ ಇಟ್ಟಳು.

ನಾಲ್ಕು ವರ್ಷದ ಒಬ್ಬ ಹುಡುಗ ಇದ್ದ. ಗುಂಡ ಅಂತ ಕರೆಯೋಣ, ನಿಜ ಹೆಸರು ಬೇಡ. ಕೇಂದ್ರದಲ್ಲಿ ಯಾರು ಅತ್ತರೂ ಹತ್ತಿರದಲ್ಲಿ ಗುಂಡ ಇರುತ್ತಿದ್ದ. ಅವನು ಬಹಳ ಹೊತ್ತು ಸುಮ್ನೆ ನೋಡುತ್ತಿದ್ದು, ಮುಚ್ಚಳ ತಂದು ಅಂಗೈ ಮೇಲೆ ಇಟ್ಟ. ‘ಇಲ್ಲಿಗೆ ಬರುತ್ತೆ ಮಿಸ್. ಆಮೇಲೆ ಹೊಡಿತೀನಿ’ ಅಂದ.

ಕೈಗೆ ಬರುವುದಕ್ಕೂ ಹೊಡೆಯುವುದಕ್ಕೂ ನಡುವೆ ಒಂದು ‘ಆಮೇಲೆ’ ಇದೆ ಅಂತ ಅವನೇ ಹೇಳಿಕೊಟ್ಟ. ಅವತ್ತಿನಿಂದ ಅವನ ಜೊತೆ ನನ್ನ ಕೆಲಸವೆಲ್ಲ ಆ ‘ಆಮೇಲೆ’ಯನ್ನು ಸ್ವಲ್ಪ ಉದ್ದ ಮಾಡುವುದೇ ಆಯ್ತು. ಅವನ ಭುಜ ಬಿಗಿಯಾಗಿ ಬೆರಳು ಮಡಚಿಕೊಳ್ಳುವುದು ಕಂಡ ಕೂಡಲೇ ಹತ್ತಿರ ಹೋಗಿ ಮೆಲ್ಲಗೆ ‘ಗುಂಡ, ಕೈಗೆ ಬಂತಾ?’ ಅಂತ ಕೇಳುತ್ತಿದ್ದೆ. ಮೊದಮೊದಲು ಕೇಳುವಷ್ಟರಲ್ಲಿ ಏಟು ಬಿದ್ದಿರುತ್ತಿತ್ತು. ಆಮೇಲಾಮೇಲೆ ತಾನೇ ಓಡಿ ಬಂದು ಮುಷ್ಟಿ ತೋರಿಸತೊಡಗಿದ: ‘ಮಿಸ್, ಬಂತು!’ ಬಂದ ಮೇಲೆ ಆ ಕೈಗೆ ಏನಾದರೂ ಕೆಲಸ ಬೇಕಲ್ವಾ? ಸುಮ್ನೆ ಕೂತ್ಕೋ ಅಂದರೆ ಆಗುವ ಮಾತಲ್ಲ. ಕೆರೆಯಿಂದ ತಂದ ಜೇಡಿಮಣ್ಣು ಒಂದು ಬಕೆಟ್‌ನಲ್ಲಿ ಒದ್ದೆ ಬಟ್ಟೆ ಮುಚ್ಚಿ ಸದಾ ಇಟ್ಟಿರುತ್ತೇನೆ. ಅದನ್ನು ಗುದ್ದಬಹುದು, ಹಿಸುಕಬಹುದು, ನೆಲಕ್ಕೆ ಬಡಿಯಬಹುದು. ಗುಂಡ ಗುದ್ದಿ ಗುದ್ದಿ ಕೊನೆಗೆ ಅದರಲ್ಲೇ ಒಂದು ಟ್ರ್ಯಾಕ್ಟರ್ ಮಾಡುತ್ತಿದ್ದ.

ಹೆಸರು ಇಡುವುದರಿಂದ ನಿಜಕ್ಕೂ ಏನಾದರೂ ಆಗುತ್ತದಾ ಅಂತ ಕೇಳುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಜೊತೆಗಾರರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಗದ್ದಲ ಕಡಿಮೆಯಾಗಿದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ, ಅದನ್ನೇ ಹಿಡಿದು ಮಕ್ಕಳ ಬಗ್ಗೆ ದೊಡ್ಡ ಮಾತು ಆಡಲಾರೆ. ಆದರೆ ಯೋಚನೆ ಮಾಡಿ ಕೈ ತಡೆಯುವ ಮುಂಭಾಗದ ಮೆದುಳು ಪೂರ್ತಿ ಮಾಗುವುದಕ್ಕೆ ಇಪ್ಪತ್ತೈದರ ಹತ್ತಿರ ಬರಬೇಕು. ನಾಲ್ಕು ವರ್ಷದವನು ‘ಬೇಕೂಂತ ಮಾಡ್ತಾನೆ’ ಅನ್ನುವ ಮಾತು ನನಗೆ ಒಪ್ಪಿಗೆ ಆಗದಿರುವುದು ಅದಕ್ಕೇ.

ಉಸಿರಿನ ಆಟ ಒಂದಿದೆ. ಹೂ ಮೂಸಿದ ಹಾಗೆ ಉಸಿರು ಎಳೆದುಕೋ, ದೀಪ ಆರಿಸಿದ ಹಾಗೆ ಬಿಡು ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ನಮ್ಮಲ್ಲಿ ಅದನ್ನು ಶುರು ಮಾಡಿದಾಗ ಒಬ್ಬರು ಅಜ್ಜಿ ಬಾಗಿಲಲ್ಲೇ ನಿಂತು ತಡೆದರು. ‘ಏನವ್ವಾ ಟೀಚರಮ್ಮ, ಮಕ್ಕಳ ಬಾಯಲ್ಲಿ ದೀಪ ಆರಿಸ್ತಾರಾ?’ ಅವರ ಮಾತೂ ಸರಿಯೇ, ಮನೆಯಲ್ಲಿ ದೀಪಕ್ಕೆ ಬಾಯಿಂದ ಊದಬೇಡ ಅಂತಲೇ ಹೇಳಿ ಬೆಳೆಸಿರುತ್ತಾರೆ. ಹಾಗಾಗಿ ದೀಪ ಬಿಟ್ಟು ಹಾಲು ಹಿಡಿದೆವು. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಬಿಸಿ ಹಾಲಿನ ಲೋಟ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಎರಡೂ ಕೈಯಲ್ಲಿ ಲೋಟ ಹಿಡಿದ ಹಾಗೆ ಮಾಡಿ, ಮೂಗಿನಿಂದ ಹಾಲಿನ ವಾಸನೆ ಎಳೆದುಕೊಂಡು, ಉಫ್ ಅಂತ ನಿಧಾನವಾಗಿ ಊದುವುದು. ಜೋರಾಗಿ ಊದಿದರೆ ಚೆಲ್ಲುತ್ತದೆ ಅಂತ ಅವರಿಗೇ ಗೊತ್ತಿರುವುದರಿಂದ ಉಸಿರು ತಾನಾಗೇ ಉದ್ದ ಆಗುತ್ತದೆ. ಇದನ್ನು ದಿನಾ ಹಾಲು ಕೊಡುವ ಹೊತ್ತಿಗೆ, ಎಲ್ಲರೂ ಖುಷಿಯಾಗಿದ್ದಾಗಲೇ ಆಡಿಸುತ್ತೇನೆ. ಅಳುತ್ತಿರುವ ಮಗುವಿಗೆ ಹೊಸದಾಗಿ ಉಸಿರಾಟ ಕಲಿಸಲು ಹೋದರೆ ಅದು ಇನ್ನೂ ರೇಗುತ್ತದೆ.

ಕಥೆಯೂ ಅಷ್ಟೇ, ಸಮಾಧಾನದ ಹೊತ್ತಿನದು. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ, ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಕೊಂಡು ಹೋದಾಗ ಅವಳಿಗೆ ಹೇಗಾಯ್ತು ಅಂತ ಕೇಳಿದರೆ ಮೊದಲ ಉತ್ತರ ‘ಚಳಿ ಆಯ್ತು’. ನಾನು ಅದನ್ನು ತಪ್ಪು ಅನ್ನುವುದಿಲ್ಲ. ‘ಹೌದು, ಚಳಿ ಆಯ್ತು. ಇನ್ನೇನಾಯ್ತು?’ ಅಂದರೆ ‘ಅಮ್ಮ ಬೇಕು ಅನ್ನಿಸ್ತು’ ಅಂತ ಒಬ್ಬಳು. ಗುಬ್ಬಕ್ಕ ‘ತಡಿ, ಮಗುಗೆ ಸ್ನಾನ ಮಾಡಿಸ್ತಿದೀನಿ’ ಅಂತ ಬಾಗಿಲು ತೆಗೆಯದಿದ್ದದ್ದಕ್ಕೆ ಯಾಕೆ ಅಂತ ಕೇಳಿದಾಗ ಅರ್ಧ ಜನ ‘ಅವಳಿಗೆ ಜಂಬ’ ಅಂದರು, ಗುಂಡ ಮಾತ್ರ ‘ಅವಳಿಗೂ ಹೆದರಿಕೆ, ಅವಳ ಮನೆನೂ ಹೋದ್ರೆ?’ ಅಂದ. ಬೇರೆಯವರನ್ನು ಹೊಡೆಯುವ ಹುಡುಗನೇ ಬೇರೆಯವರ ಹೆದರಿಕೆ ಮೊದಲು ಗುರುತಿಸಿದ.

ಈಗ ಅಬ್ಬರದ ಹೊತ್ತಿಗೆ ಬರೋಣ. ಮೊಟ್ಟೆ ಕೊಡುವ ದಿನ. ನಮ್ಮ ಸಹಾಯಕಿ ಪಾಪ ಪ್ರೀತಿಯಿಂದಲೇ ಗುಂಡನ ಮೊಟ್ಟೆ ಸುಲಿದು ತಟ್ಟೆಗೆ ಹಾಕಿದರು. ಅವನು ತಾನೇ ಸುಲಿಯಬೇಕು ಅಂದುಕೊಂಡಿದ್ದ. ಮುಗೀತು ಕಥೆ. ತಟ್ಟೆ ಹಾರಿತು, ಗುಂಡ ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿದ. ‘ಇನ್ನೊಂದು ಕೊಟ್ಬಿಡಿ ಮಿಸ್, ಸುಮ್ನಾಗ್ತಾನೆ’ ಅಂದರು ಸಹಾಯಕಿ. ಮೊಟ್ಟೆ ಲೆಕ್ಕದ್ದು, ಇನ್ನೊಂದು ಇರಲಿಲ್ಲ. ಇದ್ದಿದ್ದರೂ ನಾನು ಕೊಡುತ್ತಿರಲಿಲ್ಲ. ಕಾಲಿಗೆ ತಗಲುವ ತಟ್ಟೆ ಲೋಟ ಸರಿಸಿದೆ. ಸಹಾಯಕಿ ಉಳಿದ ಮಕ್ಕಳನ್ನು ಆ ಕಡೆ ಸಾಲಾಗಿ ಕೂರಿಸಿ ಊಟ ಮುಂದುವರಿಸಿದರು. ನಾನು ಅವನಿಂದ ಒಂದು ಕೈ ದೂರದಲ್ಲಿ ನೆಲದ ಮೇಲೆ ಕೂತೆ.

ಆ ಹೊತ್ತಿನಲ್ಲಿ ನಾನು ‘ಯಾಕೆ’ ಅಂತ ಕೇಳುವುದಿಲ್ಲ. ಯಾಕೆ ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ, ಕೇಳಿದರೆ ಬೈದ ಹಾಗೆ ಕೇಳಿಸುತ್ತದೆ. ‘ಅಳಬೇಡ’ ಅನ್ನುವುದಿಲ್ಲ. ಬುದ್ಧಿಮಾತಂತೂ ಬೇಡವೇ ಬೇಡ. ಒಂದೇ ಒಂದು ವಾಕ್ಯ ಹೇಳಿದೆ: ‘ನೀನೇ ಸುಲೀಬೇಕಿತ್ತು.’ ಕಿರುಚಾಟ ಒಂದು ಕ್ಷಣ ನಿಂತು ‘ಹೂಂ!’ ಅಂತ ಬಂತು, ಮತ್ತೆ ಜೋರಾಯಿತು. ಇಲ್ಲಿ ಸುಮಾರು ಜನ ಕೈಬಿಡುತ್ತಾರೆ, ಹೇಳಿದ್ದರಿಂದ ಏನೂ ಆಗಲಿಲ್ಲ ಅಂತ. ಕಿವಿ ಕೊಟ್ಟು ಕೇಳಿದರೆ ಅಳು ಬದಲಾಗಿರುತ್ತದೆ. ಮೊದಲಿನದು ಗಂಟಲು ಹರಿಯುವ ಕಿರುಚಾಟ, ಎರಡನೆಯದು ಬಿಕ್ಕಳಿಕೆ. ಬಿಕ್ಕಳಿಕೆ ಶುರುವಾದಾಗ ನಾನು ಕೈ ಚಾಚುತ್ತೇನೆ. ಬರುವವರು ಮಡಿಲಿಗೆ ಬರುತ್ತಾರೆ, ಬರದವರನ್ನು ಎಳೆಯುವುದಿಲ್ಲ. ಗುಂಡ ಬರಲಿಲ್ಲ, ಬೆನ್ನು ಮಾತ್ರ ನನ್ನ ಮೊಣಕಾಲಿಗೆ ಒರಗಿಸಿದ. ನೀರು ಕುಡಿಸಿದೆ. ಹಾರಿಸಿದ ತಟ್ಟೆ ಅವನೇ ತಂದ, ಚೆಲ್ಲಿದ ಅನ್ನ ಇಬ್ಬರೂ ಬಳಿದೆವು. ಮರುದಿನದಿಂದ ಯಾರು ತಾನೇ ಸುಲೀತಾರೆ, ಯಾರಿಗೆ ಸುಲಿದು ಕೊಡಬೇಕು ಅಂತ ಸಹಾಯಕಿ ಮೊದಲೇ ಕೇಳತೊಡಗಿದರು. ಎಷ್ಟೋ ಸಲ ಅಬ್ಬರ ತಡೆಯುವುದಕ್ಕೆ ಮಗುವನ್ನು ತಿದ್ದುವುದಕ್ಕಿಂತ ನಾವು ಒಂದು ಪ್ರಶ್ನೆ ಮುಂಚೆ ಕೇಳುವುದು ಸುಲಭ.

ಯಾರಿಗಾದರೂ ಏಟು ಬಿದ್ದಿದ್ದರೆ ಮಾತು ಬೇರೆ. ‘ಸಿಟ್ಟು ಬರಲಿ, ಹೊಡೆಯೋದು ಬೇಡ’ ಅಂತ ಕೈ ಹಿಡಿದು ಗಟ್ಟಿಯಾಗಿಯೇ ಹೇಳುತ್ತೇನೆ. ‘ಸಾರಿ ಹೇಳು’ ಅಂತ ಬಲವಂತ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಬಲವಂತದ ಸಾರಿ ಹೇಳಿ ಹಿಂದಿನಿಂದ ಚಿವುಟಿ ಹೋಗುವವರನ್ನು ಸಾಕಷ್ಟು ನೋಡಿದ್ದೇನೆ. ಅದರ ಬದಲು ಪೆಟ್ಟು ತಿಂದ ಮಗುವಿಗೆ ನೀರು ತಂದುಕೊಡುವುದು, ಒದ್ದೆ ಬಟ್ಟೆ ಹಿಡಿಯುವುದು, ಬಿದ್ದ ಬ್ಲಾಕ್ ಮತ್ತೆ ಜೋಡಿಸುವುದು. ‘ಅವಳ ಮುಖ ನೋಡು, ಹೇಗಿದೆ?’ ಅಂತ ಒಂದೇ ಸಲ ಕೇಳುತ್ತೇನೆ.

ಜೂನ್ ತಿಂಗಳ ಅಳು ಬೇರೆ ಜಾತಿಯದು. ಹೊಸ ಮಕ್ಕಳು ಅಮ್ಮನ ಸೆರಗು ಬಿಡುವುದಿಲ್ಲ. ಮಗು ಆಟದಲ್ಲಿದ್ದಾಗ ಕಣ್ಣು ತಪ್ಪಿಸಿ ಹೋಗಿಬಿಡಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ನಾನು ಅದಕ್ಕೆ ಒಪ್ಪುವುದಿಲ್ಲ. ಹಾಗೆ ಒಂದು ಸಲ ಮಾಯವಾದ ಅಮ್ಮನನ್ನು ಮರುದಿನ ಮಗು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆಟಕ್ಕೂ ಇಳಿಯುವುದಿಲ್ಲ. ಹೇಳಿಯೇ ಹೋಗಬೇಕು. ‘ಬೇಗ ಬರ್ತೀನಿ’ ಅಂದರೆ ಮಗುವಿಗೆ ಅರ್ಥ ಆಗುವುದಿಲ್ಲ, ಗಡಿಯಾರ ಅದಕ್ಕೆ ಗೊತ್ತಿಲ್ಲ. ‘ಊಟ ಆಗಿ, ತಟ್ಟೆ ತೊಳೆದಿಟ್ಟ ಮೇಲೆ ಬರ್ತೀನಿ’ ಅಂತ ಹೇಳಿಸುತ್ತೇನೆ. ಹೇಳಿದ ಮೇಲೆ ಹಾಗೇ ಬರಲೇಬೇಕು, ಪಕ್ಕದ ಮನೆಯಲ್ಲಿ ಮಾತಾಡುತ್ತಾ ನಿಲ್ಲುವ ಹಾಗಿಲ್ಲ. ಅಮ್ಮನ ಕರ್ಚೀಫೋ ಹಳೇ ವೇಲೋ ಮಗುವಿನ ಕೈಯಲ್ಲಿ ಇರಲಿ ಅನ್ನುತ್ತೇನೆ. ತಟ್ಟೆ ತೊಳೆಯುವ ಸದ್ದು ಬಂದರೆ ಬಾಗಿಲ ಕಡೆ ನೋಡುವ ಮಕ್ಕಳು ಜುಲೈ ಕೊನೆಯ ಹೊತ್ತಿಗೆ ಅಮ್ಮ ಬಂದರೂ ‘ತಾಳು, ಆಟ ಆಡ್ತಿದೀನಿ’ ಅನ್ನುತ್ತಾರೆ. ಆಗ ಕೆಲವು ಅಮ್ಮಂದಿರಿಗೇ ಬೇಜಾರಾಗುತ್ತದೆ!

ಚುಚ್ಚುಮದ್ದಿನ ದಿನ ಅಂದರೆ ನನಗೆ ಪರೀಕ್ಷೆ. ಮನೆಯಲ್ಲಿ ವರ್ಷವಿಡೀ ‘ಊಟ ಮಾಡದಿದ್ರೆ ನರ್ಸಮ್ಮನ ಕೈಲಿ ಸೂಜಿ ಚುಚ್ಚಿಸ್ತೀನಿ’ ಅಂತ ಹೆದರಿಸಿರುತ್ತಾರೆ. ಐದು ವರ್ಷಕ್ಕೆ ಡಿಪಿಟಿ ಬೂಸ್ಟರ್ ಹಾಕಿಸಬೇಕಾದಾಗ ಆ ಮಗು ತಾನು ಏನು ತಪ್ಪು ಮಾಡಿದೆ ಅಂತ ಹುಡುಕುತ್ತದೆ. ನಾನು ‘ನೋವಾಗಲ್ಲ’ ಅಂತ ಸುಳ್ಳು ಹೇಳುವುದಿಲ್ಲ. ‘ಚುರುಕ್ ಅನ್ನುತ್ತೆ. ಹಾಲು ಊದೋಷ್ಟರಲ್ಲಿ ಮುಗಿಯುತ್ತೆ. ಅಳು ಬಂದ್ರೆ ಅಳಬಹುದು, ಕೈ ಮಾತ್ರ ಅಲ್ಲಾಡಿಸಬಾರದು’ ಅನ್ನುತ್ತೇನೆ. ನರ್ಸಮ್ಮನಿಗೂ ಮೊದಲೇ ಹೇಳಿರುತ್ತೇನೆ, ‘ಇಷ್ಟು ದೊಡ್ಡವನಾಗಿ ಅಳ್ತೀಯಾ’ ಅಂತ ನಗಬೇಡಿ ಅಂತ. ಗುಮ್ಮ, ಪೊಲೀಸು, ಮಕ್ಕಳ ಕಳ್ಳ ಇವರೆಲ್ಲರದ್ದೂ ಇದೇ ಕಥೆ. ಹೆದರಿಸಿದ್ದಕ್ಕೆ ಮಗು ಆ ಹೊತ್ತಿಗೆ ಸುಮ್ಮನಾಗುತ್ತದೆ, ರಾತ್ರಿ ಹಾಸಿಗೆ ಒದ್ದೆ ಆಗುತ್ತದೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವುದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನನ್ನ ತಕರಾರು ಗಂಟೆಯ ಲೆಕ್ಕದ್ದಲ್ಲ. ಅಳು ಬಂದಾಗಲೆಲ್ಲ ಮೊಬೈಲ್ ಸಿಕ್ಕರೆ ಆ ಅಳು ಹೇಗೆ ಬಂತು, ಹೇಗೆ ಇಳಿಯಿತು ಅಂತ ಮಗು ಯಾವತ್ತು ನೋಡಬೇಕು?

ಇನ್ನೊಂದು ಮಗುವಿನ ವಿಷಯ ಹೇಳಬೇಕು, ಚಿನ್ನಿ ಅನ್ನೋಣ. ಅವಳ ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿ ಗಂಡುಮಗುವಿನ ಜೊತೆ ವಾಪಸ್ ಬಂದರು. ಅಲ್ಲಿಯವರೆಗೂ ಚೂಟಿಯಾಗಿದ್ದ ಹುಡುಗಿ ಚಡ್ಡಿಯಲ್ಲೇ ಉಚ್ಚೆ ಮಾಡಿಕೊಳ್ಳತೊಡಗಿದಳು, ತೊಟ್ಟಿಲಲ್ಲಿದ್ದ ಪಾಪುವನ್ನು ಚಿವುಟಿದಳು. ಮನೆ ಭೇಟಿಗೆ ಹೋದಾಗ ನನ್ನ ಎದುರೇ ‘ಪಾಪು ಬೇಡ, ಅಜ್ಜಿ ಊರಿಗೆ ಬಿಟ್ಟು ಬಾ’ ಅಂದಳು. ಅಜ್ಜಿ ಗಾಬರಿಯಾಗಿ ‘ಬಿಡ್ತು ಅನ್ನು! ಬಿಡ್ತು ಅನ್ನು!’ ಅಂತ ಬಾಯಿ ಮುಚ್ಚಿಸಿದರು. ಅಜ್ಜಿಯ ಹೆದರಿಕೆಯೂ ಸುಳ್ಳಲ್ಲ, ಹಸುಗೂಸು ಇರುವ ಮನೆ. ಅವರ ಪಕ್ಕ ಕೂತು ಹೇಳಿದೆ: ‘ಅಜ್ಜೀ, ಬಾಯಲ್ಲಿ ಬಂದ್ರೆ ಕೈಯಲ್ಲಿ ಬರೋದು ಕಮ್ಮಿ ಆಗುತ್ತೆ. ನೀವು ಬೇಕಾದ್ರೆ ಮನಸ್ಸಲ್ಲೇ ಬಿಡ್ತು ಅಂದ್ಕೊಳ್ಳಿ. ಅವಳು ಹೇಳಲಿ.’ ಅಜ್ಜಿ ನಕ್ಕುಬಿಟ್ಟರು. ಚಿನ್ನಿಗೆ ‘ಅಮ್ಮ ಪಾಪುನೇ ಎತ್ಕೊಂಡಿರ್ತಾಳೆ, ನಿಂಗೆ ಬೇಜಾರು’ ಅಂದೆ. ತಲೆ ಆಡಿಸಿದಳು.

ಅಮ್ಮನಿಗೆ ಕೊಟ್ಟ ಕೆಲಸ ಒಂದೇ. ಸಂಜೆ ಪಾಪುವನ್ನು ಅಜ್ಜಿ ಕೈಗೆ ಕೊಟ್ಟು, ಚಿನ್ನಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಜಡೆ ಹಾಕುವುದು. ಆ ಹೊತ್ತಿನಲ್ಲಿ ಪಾಪು ಅತ್ತರೂ ‘ಇರು, ಈಗ ಅಕ್ಕನ ಸರದಿ’ ಅಂತ ಚಿನ್ನಿಗೆ ಕೇಳಿಸುವ ಹಾಗೆ ಹೇಳುವುದು. ಪಾಪುವಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ ಅಂತಲೂ ಹೇಳಿದೆ. ಭಾವನೆಗೆ ಜಾಗ ಕೊಡುವುದು ಅಂದರೆ ಕಾವಲು ಬಿಡುವುದು ಅಂತಲ್ಲ. ಉಚ್ಚೆ ನಿಲ್ಲಲು ಸಮಯ ಹಿಡಿಯಿತು. ಚಿವುಟುವುದು ಅದಕ್ಕಿಂತ ಬೇಗ ನಿಂತಿತು.

ಎಲ್ಲವೂ ಅಂಗನವಾಡಿಯಲ್ಲಿ ಬಗೆಹರಿಯುವುದಿಲ್ಲ. ಮಾತಾಡುತ್ತಿದ್ದ ಮಗು ಮಾತು ನಿಲ್ಲಿಸಿದರೆ, ಕಲಿತದ್ದನ್ನು ಮರೆಯತೊಡಗಿದರೆ, ವಾರಗಟ್ಟಲೆ ಊಟ ನಿದ್ದೆ ಕೆಟ್ಟರೆ, ತನಗೇ ಹೊಡೆದುಕೊಂಡರೆ ನಾನು ಕಾಯುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ನೋಡಬೇಕು ಅಂತಿದೆ. ಅವರು ಬಂದಾಗ ತೂಕ, ಹಲ್ಲು ತೋರಿಸಿ ಕಳಿಸದೆ ಈ ವಿಷಯವನ್ನೂ ಹೇಳುತ್ತೇನೆ. ಮನೆಯವರಿಗೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಕೊಡುತ್ತೇನೆ. ಅದು ದುಡ್ಡಿಲ್ಲದ ಕರೆ, ಕನ್ನಡದಲ್ಲೇ ಮಾತಾಡಬಹುದು. ಒಬ್ಬ ನಿರ್ದಿಷ್ಟ ಮನುಷ್ಯನನ್ನು ಕಂಡರೆ ಮಗು ನಡುಗುತ್ತದೆ ಅಂತಾದರೆ ಅದು ‘ನಾಚಿಕೆ ಸ್ವಭಾವ’ ಅಂತ ತೇಲಿಸುವ ವಿಷಯವೇ ಅಲ್ಲ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಮೈಯ ಆಕಾರ ಬರೆದು ಆಡುವ ಆಟ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಎಲ್ಲಿ ಯಾರು ಮುಟ್ಟಿದರೆ ಇಷ್ಟ ಇಲ್ಲ ಅಂತ ಹೇಳುವುದಕ್ಕೆ ಮಗುವಿಗೆ ಒಂದು ದಾರಿ ಸಿಗುತ್ತದೆ.

ನನಗೆ ಇನ್ನೂ ಗೆಲ್ಲಲಾಗದ ಕಡೆ ಅಂದರೆ ಅಪ್ಪಂದಿರು. ತಾಯಂದಿರ ಸಭೆಗೆ ತಾಯಂದಿರು ಬರುತ್ತಾರೆ, ಹೆಸರೇ ಹಾಗಿದೆಯಲ್ಲ. ‘ಗಂಡು ಹುಡುಗ ಅಳಬಾರದು ಕಣೋ’ ಅನ್ನುವ ಮಾತು ಬರುವುದು ಜಾಸ್ತಿ ಅಪ್ಪ, ತಾತಂದಿರ ಬಾಯಿಂದ. ಅವರನ್ನು ಕೂರಿಸಿ ಭಾಷಣ ಮಾಡಿದರೆ ಎದ್ದು ಹೋಗುತ್ತಾರೆ. ಹಾಗಾಗಿ ವಾರಕ್ಕೊಂದು ದಿನ ಮಗುವನ್ನು ಕರೆದುಕೊಂಡು ಹೋಗುವುದಕ್ಕೆ ಅಪ್ಪನೇ ಬರಲಿ ಅಂತ ಕೇಳಿಕೊಂಡಿದ್ದೇನೆ. ಬಾಗಿಲಲ್ಲಿ ನಿಂತಾಗ ಮಗುವಿನ ಎದುರೇ ಒಂದು ಸುದ್ದಿ ಹೇಳುತ್ತೇನೆ: ‘ಇವತ್ತು ಇವನಿಗೆ ಸಿಟ್ಟು ಬಂತು, ಹೊಡೀಲಿಲ್ಲ, ಬಂದು ಹೇಳಿದ.’ ಗುಂಡನ ಅಪ್ಪ ಮೊದಲ ಸಲ ‘ಹೌದಾ, ಯಾರ ಮೇಲೋ?’ ಅಂತ ಕೇಳಿದರು. ಗುಂಡ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಾ ಹೋದ. ಈಗ ಕೆಲವರು ತಾವಾಗೇ ಕೇಳುತ್ತಾರೆ, ಇವತ್ತು ಏನು ಸಮಾಚಾರ ಅಂತ. ಕೆಲವರು ಬೈಕ್ ಆಫ್ ಮಾಡದೆ ರಸ್ತೆಯಿಂದಲೇ ಹಾರ್ನ್ ಹೊಡೆಯುತ್ತಾರೆ. ಅಂಥವರ ಮಕ್ಕಳನ್ನು ನಾನೇ ಕೈ ಹಿಡಿದು ಬೈಕ್‌ವರೆಗೂ ಕರೆದುಕೊಂಡು ಹೋಗಿ ಆ ದಿನದ ಸುದ್ದಿ ಹೇಳಿಯೇ ಹತ್ತಿಸುತ್ತೇನೆ.